ರತ್ನಾಬಾಯಿ ಓಡಿಸಿದ ಮೈಲುಗಳು

ಪುಣೆ
೧೨ ಜೂನ್ ೧೯೭೯

ಅವ್ವನಿಗೆ ಹುಚ್ಚೇಶನ ನಮಸ್ಕಾರ.

ತಿಂಗಳಿಗೊಂದು ಪತ್ರ ಹಾಕುವ ಮಗ ಇಷ್ಟು ಬೇಗ ಇನ್ನೊಂದು ಹಾಕಿದ್ದಾನೆಂದರೆ ಜ್ವರವೋ ಜಗಳವೋ ಎಂದು ಹೆದರಬೇಡ. ಸುದ್ದಿ ಸಂತೋಷದ್ದೇ. ನಮ್ಮ ಗ್ಯಾರೇಜಿನ ಮಾಲಕರು ನನ್ನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದಾರೆ. ಇಷ್ಟು ವರ್ಷ ಅವರ ಕೈಕೆಳಗೆ ಪಾನಾ ಹಿಡಿದವನು ಇನ್ನು ಅವರ ಪಕ್ಕದ ಕುರ್ಚಿಯಲ್ಲಿ ಕೂರಬಹುದು. ಆದರೆ ಪಾಲಿಗೆ ಬಂಡವಾಳ ಹಾಕಬೇಕು. ಎಲ್ಲಿಂದ ತರಲಿ ಎಂದು ತಲೆ ಕೆಡಿಸಿಕೊಂಡಿದ್ದಾಗ ಅಪ್ಪನ ಗಾಡಿ ನೆನಪಾಯಿತು.

ನಿನಗೆ ಅದು ಮನೆಯ ಹಳೆಯ ಗಾಡಿ. ಇಲ್ಲಿಯ ದೊಡ್ಡ ಮಂದಿಗೆ ಅದು ನಲವತ್ತೆಂಟನೆಯ ಇಸವಿಯ ಎಂ.ಜಿ., ತಂತಿ ಚಕ್ರದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಯಲ್ಲಿದ್ದ ವಿಲಾಯಿತಿಯ ಇಂಜಿನಿಯರು ದೇಶಕ್ಕೆ ಮರಳುವಾಗ ಅಪ್ಪ ಅದನ್ನು ಕೊಂಡುಕೊಂಡರು. ಸೀರೆ ನೇಯುವವನಿಗೆ ರೇಸಿನ ಗಾಡಿ ಯಾಕೆ ಎಂದು ಇಳಕಲ್ಲೆಲ್ಲ ನಕ್ಕಿತ್ತಂತೆ. ಈಗ ಪುಣೆಯಲ್ಲಿ ಒಬ್ಬ ಸೇಠರು ಇಂಥವನ್ನೇ ಹುಡುಕಿ ಹುಡುಕಿ ಕೂಡಿಸುತ್ತಿದ್ದಾರೆ. ಮಾಲಕರು ನಮ್ಮ ಗಾಡಿಯ ವಿಷಯ ಅವರ ಕಿವಿಗೆ ಹಾಕಿದ್ದಾರೆ.

ಇಂಥ ಗಾಡಿಗಳ ಬೆಲೆ ಕಟ್ಟುವುದೇ ಬೇರೆ. ವಯಸ್ಸಾದಷ್ಟೂ ಬೆಲೆ ಏರುತ್ತದೆ, ಓಡಿದಷ್ಟೂ ಇಳಿಯುತ್ತದೆ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಗಾಡಿಗಳಲ್ಲಿ ಕಡಿಮೆ ಮೈಲು ತೋರಿಸುವುದಕ್ಕೆ ಮೂರು ಪಟ್ಟು ಕೊಡುತ್ತಾರೆ. ಅದರ ಹೊಟ್ಟೆಯೊಳಗಿನದೆಲ್ಲ ಹುಟ್ಟಿದಾಗ ಇದ್ದಂತೆಯೇ ಇದೆ ಎಂದು ಅದರ ಅರ್ಥ. ಏಳು ಸಾವಿರ ಮೈಲಿನ ಒಳಗಿದ್ದರೆ ತಾವು ಕೊಡುವ ಬೆಲೆಯನ್ನು ಸೇಠರು ಹೇಳಿದ್ದಾರೆ. ಅದು ನನ್ನ ಪಾಲಿಗೆ ಪೂರ್ತಿ ಸಾಲುತ್ತದೆ. ಅದಕ್ಕಿಂತ ಹೆಚ್ಚು ಓಡಿದ್ದರೆ ಅರ್ಧವೂ ಬರುವುದಿಲ್ಲ. ಅಪ್ಪ ತೀರಿಕೊಂಡಾಗ ಮೀಟರು ಆರು ಸಾವಿರದ ಸುತ್ತ ಇದ್ದದ್ದು ನನಗೆ ನೆನಪಿದೆ.

ಈಗ ಎಷ್ಟಿದೆ ನೋಡಿ ಬರೆ. ಡ್ರೈವರನ ಎದುರಿಗಿರುವ ಗಡಿಯಾರ ಇಂಜಿನ್ ತಿರುಗುವ ವೇಗದ್ದು, ಅದನ್ನು ಓದಬೇಡ. ಮೈಲಿನ ಮೀಟರು ಎಡಗಡೆ ಸೀಟಿನ ಎದುರಿಗಿದೆ. ನೀನು ಆಗೊಮ್ಮೆ ಈಗೊಮ್ಮೆ ಗಾಡಿ ಹೊರಗೆ ತೆಗೆಯುತ್ತೀ ಎಂದು ಕೇಳಿದ್ದೇನೆ. ಓಣಿಯ ತುದಿಯವರೆಗೆ ಹೋಗಿ ಬಂದರೂ ಅದು ಮೈಲೇ. ಇನ್ನು ಬೇಡ. ಮೊದಲಿನ ಹಾಗೆ ಕಲ್ಲಿನ ಮೇಲೆ ಏರಿಸಿ ನಿಲ್ಲಿಸಿಬಿಡು.

ನಿನ್ನ ಮಗ,
ಹುಚ್ಚೇಶ


ಇಳಕಲ್
೨೧ ಜೂನ್ ೧೯೭೯

ಚಿರಂಜೀವಿ ಹುಚ್ಚೇಶನಿಗೆ ಅವ್ವನ ಆಶೀರ್ವಾದ.

ನಿನ್ನ ಸುದ್ದಿ ಓದಿ ಎಷ್ಟು ಹಿಗ್ಗಿದೆನೆಂದರೆ ಮಗ್ಗದ ಮನೆಗೆ ಹೋಗಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಬಾಳವ್ವನಿಗಂತೂ ಎರಡು ಸಲ ಓದಬೇಕಾಯಿತು. ನಿನ್ನನ್ನು ಕಂಕುಳಲ್ಲಿಟ್ಟುಕೊಂಡೇ ನೂಲು ಸುತ್ತಿದವಳಲ್ಲವೇ ಅವಳು. "ಹುಚ್ಚಪ್ಪ ಮಾಲಕ ಆದಮ್ಯಾಗ ನನಗ ಪುಣೇದಿಂದ ಒಂದು ಛತ್ರಿ ತರಬೇಕಂತ, ಬರೀರಿ ಅಕ್ಕಾರ" ಎಂದಳು. ಬರೆದಿದ್ದೇನೆ.

ಮೀಟರು ಯಾವ ಕಡೆ ಇದೆ ಎಂದು ನನಗೇ ಪಾಠ ಹೇಳಿದ್ದೀಯಲ್ಲ, ಶಾಬಾಸ್! ನಿಮ್ಮಪ್ಪ ಓಡಿಸುವಾಗ ಎಡಗಡೆ ಕೂತು ಮೈಲು ಓದಿ ಹೇಳುವುದೇ ನನ್ನ ಕೆಲಸವಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸುತ್ತಿರಲಿಲ್ಲ, ನಾನು ಕೂಗುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಈಗ ಅದು ತೋರಿಸುತ್ತಿರುವುದು ಮೂವತ್ತೊಂದು ಸಾವಿರದ ನಾನೂರ ಅರವತ್ತು.

ಕಲ್ಲಿನ ಮೇಲೆ ಏರಿಸುವುದಕ್ಕೆ ಆಗುವುದಿಲ್ಲ. ಸೋಮವಾರ ಬಾಗಲಕೋಟೆಯಿಂದ ನೂಲು ತರಬೇಕು. ಪಾಲಿನ ವಿಷಯ ಯೋಚಿಸೋಣ, ದಾರಿ ಇಲ್ಲದೇ ಇರುವುದಿಲ್ಲ. ಹೊಟ್ಟೆ ತುಂಬ ಉಣ್ಣು, ಖಾನಾವಳಿಯ ಅನ್ನವನ್ನಷ್ಟೇ ನೆಚ್ಚಿಕೊಳ್ಳಬೇಡ.

ನಿನ್ನ ಅವ್ವ,
ರತ್ನಾಬಾಯಿ


ಪುಣೆ
೨ ಜುಲೈ ೧೯೭೯

ಅವ್ವ,

ನೀನು ಅಂಕಿ ತಪ್ಪು ಓದಿದ್ದೀ. ಇಲ್ಲವಾದರೆ ತಮಾಷೆ ಮಾಡುತ್ತಿದ್ದೀ. ಅಪ್ಪ ಬಿಟ್ಟುಹೋದಾಗಿನದನ್ನು ಕಳೆದರೆ ಇಪ್ಪತ್ತೈದು ಸಾವಿರ ಮೈಲು ಆಗುತ್ತದೆ. ಭೂಮಿಯನ್ನು ಒಂದು ಪೂರ್ತಿ ಸುತ್ತು ಹಾಕಿದರೆ ಅಷ್ಟಾಗುತ್ತದೆ ಎಂದು ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಹೇಳಿಕೊಟ್ಟಿದ್ದರು. ಎಲ್ಲಿಗೆ ಹೋಗಿದ್ದೆ ನೀನು?

ಖರೆಯೇ ಆಗಿದ್ದರೂ ಕೆಲಸ ಕೆಟ್ಟಿಲ್ಲ. ಕೇಳು. ಅಪ್ಪ ಹೋದ ಮೇಲೆ ನೀನು ಅಮವಾಸ್ಯೆಗೊಮ್ಮೆ ಗಾಡಿಯ ಹಿಂಬದಿಯನ್ನು ಕಲ್ಲಿನ ಮೇಲೆ ಎತ್ತಿಸಿ, ಚಕ್ರ ಗಾಳಿಯಲ್ಲಿ ತಿರುಗುವ ಹಾಗೆ ಇಂಜಿನ್ ಓಡಿಸುತ್ತಿದ್ದುದನ್ನು ನಾನು ರಜೆಯಲ್ಲಿ ಬಂದಾಗ ನೋಡಿದ್ದೇನೆ. ಮೀಟರಿನ ತಂತಿ ಗೇರಿನ ಪೆಟ್ಟಿಗೆಯಿಂದ ಬರುತ್ತದೆ. ಗಾಡಿ ಒಂದು ಗೇಣು ಕದಲದಿದ್ದರೂ ಚಕ್ರ ತಿರುಗಿದರೆ ಮೈಲು ಏರುತ್ತದೆ. ಹತ್ತು ವರ್ಷದ ಮೈಲುಗಳೆಲ್ಲ ಶೆಡ್ಡಿನಲ್ಲೇ ಆದವು, ಗಾಡಿ ರಸ್ತೆಯನ್ನೇ ಕಂಡಿಲ್ಲ ಎಂದು ಸೇಠರಿಗೆ ಹೇಳೋಣ. ಅರ್ಧ ಖರೆಯೇ ತಾನೆ? ಅವರು ಕಾಗದ ಹಾಕಿ ಕೇಳಿದರೆ ನೀನೂ ಅಷ್ಟೇ ಬರೆ. ಅದನ್ನೂ ನಂಬದಿದ್ದರೆ ಮೀಟರನ್ನು ಹಿಂದಕ್ಕೆ ತಿರುಗಿಸುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಎಲ್ಲರೂ ಮಾಡುತ್ತಾರೆ.

ಮಾಲಕರು ಯುಗಾದಿಯವರೆಗೆ ಕಾಯುತ್ತಾರೆ, ಆಮೇಲೆ ಇನ್ನೊಬ್ಬನನ್ನು ತೆಗೆದುಕೊಳ್ಳುತ್ತಾರೆ. ನನಗೆ ಇಪ್ಪತ್ತಾರಾಯಿತು ಅವ್ವ. ಇದೊಂದು ಕೈ ತಪ್ಪಿದರೆ ಇನ್ನೊಬ್ಬರ ಗಾಡಿಯ ಕೆಳಗೆ ಮಲಗಿಯೇ ನನ್ನ ಆಯುಷ್ಯ ಕಳೆಯುತ್ತದೆ. ಒಂದು ಅಂಕಿಗಾಗಿ ಅದನ್ನು ಕೆಡಿಸಬೇಡ.

ಹುಚ್ಚೇಶ


ಇಳಕಲ್
೧೫ ಜುಲೈ ೧೯೭೯

ಚಿರಂಜೀವಿ ಹುಚ್ಚೇಶನಿಗೆ,

ಹದಿಮೂರು ಮೊಳದ ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಕಂಡುಹಿಡಿಯುವ ಕಣ್ಣು ನನ್ನದು. ಐದು ಅಂಕಿ ಓದಲು ತಪ್ಪುತ್ತೇನೆಯೇ? ಓದಿದ್ದು ಸರಿಯಾಗಿದೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದೀ. ಇಷ್ಟು ವರ್ಷದಲ್ಲಿ ನೀನು ಮೊದಲ ಸಲ ಕೇಳಿದ್ದೀ, ಆದ್ದರಿಂದ ಎಲ್ಲವನ್ನೂ ಹೇಳುತ್ತೇನೆ.

ಕಲ್ಲಿನ ವಿಷಯ ಖರೆ. ನಿಂತ ಮಗ್ಗ ಕೆಡುತ್ತದೆ ಎಂಬುದು ನಮ್ಮ ಮನೆಗಳಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಇಲಿ ಹಗ್ಗ ಕಡಿಯುತ್ತದೆ, ಮರ ಸೊಟ್ಟಗಾಗುತ್ತದೆ, ಮತ್ತೆ ಹೂಡುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಗಾಡಿಯೂ ಹಾಗೆಯೇ ಎಂದು ತಿಳಿದೆ. ಅಮವಾಸ್ಯೆಗೆ ಮಗ್ಗಗಳಿಗೆ ರಜೆ, ನನಗೂ ಕೈ ಬಿಡುವು. ಹುನಗುಂದದಿಂದ ಲಾರಿಯ ಅಹ್ಮದಸಾಬರನ್ನು ಕರೆಸಿ ಗಾಡಿಯನ್ನು ಕಲ್ಲಿಗೆ ಏರಿಸುತ್ತಿದ್ದೆ. ಇಂಜಿನ್ ಒಂದನ್ನೇ ಓಡಿಸಿದರೆ ಸಾಕು ಎಂದು ಅವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಮಗ್ಗದಲ್ಲಿ ಬರೇ ಲಾಳಿ ಅಲ್ಲಾಡಿದರೆ ಸಾಲದು, ಎಲ್ಲವೂ ಆಡಬೇಕು. ಚಕ್ರವೂ ತಿರುಗಬೇಕೆಂದು ಹಟ ಹಿಡಿದೆ. ನಿಂತಲ್ಲೇ ಮೀಟರು ಏರುವುದನ್ನು ಮೊದಲ ಸಲ ಕಂಡಾಗ ಗಾಡಿಗೆ ದೆವ್ವ ಹೊಕ್ಕಿದೆ ಎಂದು ನಿಂಬೆಹಣ್ಣು ತರಲು ಓಡಿದ್ದೆ.

ಒಂದು ಅಮವಾಸ್ಯೆ ಅಹ್ಮದಸಾಬರು ನನ್ನನ್ನೇ ಡ್ರೈವರನ ಸೀಟಿನಲ್ಲಿ ಕೂರಿಸಿದರು. ನಾನು ಕಾಲು ಇಟ್ಟು ಸುಮ್ಮನೆ ಕೂತುಬಿಟ್ಟೆ. "ಬಾಯಾರ, ಕ್ಲಚ್ಚಿನ ಮ್ಯಾಗ ಕಾಲಿಟ್ಟು ಏನ್ ಯೋಚನಿ ಮಾಡಾಕತ್ತೀರಿ? ಹಾಕ್ರಿ ಗೇರ, ಗಾಡಿ ಎಲ್ಲಿಗೂ ಹೋಗೂದುಲ್ಲ!" ಎಂದರು. ಹಾಗೆ ಕಲಿತೆ. ನಾಲ್ಕೂ ಗೇರು ಗಾಳಿಯಲ್ಲೇ ಕಲಿತವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಿಮ್ಮಪ್ಪ ತೀರಿಕೊಂಡ ಮೇಲೆ ನೂಲಿನ ಸಾವಕಾರ ಮನೆಗೆ ಬಂದಿದ್ದ. "ನೂಲು ನಾವ ಮನಿಗೆ ತಂದ್ ಕೊಡ್ತೇವಿ, ಸೀರಿ ನಾವ ಒಯ್ತೇವಿ. ನೀವ್ಯಾಕ ಬಿಸಲಾಗ ಅಡ್ಡಾಡ್ತೀರಿ?" ಎಂದ. ಕೇಳಲು ಎಷ್ಟು ಚೆಂದ! ನೂಲಿಗೆ ಅವನು ಹೇಳಿದ ಬೆಲೆ, ಸೀರೆಗೆ ಅವನು ಕೊಟ್ಟ ಬೆಲೆ. ಮೂರು ವರ್ಷ ಹಾಗೆ ನಡೆಸಿದೆ. ಆರು ಮಗ್ಗಗಳಲ್ಲಿ ನಾಲ್ಕು ನಿಂತವು. ಬಸ್ಸಿನಲ್ಲಿ ನಾನೇ ನೂಲು ತರಲು ಹೋದರೆ ಗಂಟನ್ನು ನೋಡಿ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ನೀನು ಪುಣೆಗೆ ಹೋದ ಮರುವರ್ಷ ಗಾಡಿಯ ಕೆಳಗಿನ ಕಲ್ಲು ತೆಗೆಸಿದೆ.

ಮೊದಲ ದಿನ ಅಮೀನಗಡದ ಬಜಾರಿನ ನಡುವೆ ಇಂಜಿನ್ ಬಂದ್ ಬಿತ್ತು. ಮಂದಿ ಸುತ್ತ ಕೂಡಿ ನಕ್ಕರು. "ಗಂಡ ಸತ್ತಾಕಿಗೆ ಎಷ್ಟ್ ಸೊಕ್ಕ ನೋಡು" ಎಂದದ್ದೂ ಕೇಳಿಸಿತು. ಅತ್ತೆನೋ ಇಲ್ಲವೋ ಈಗ ನೆನಪಿಲ್ಲ, ಇಂಜಿನ್ ಚಾಲೂ ಮಾಡಿದ್ದು ನೆನಪಿದೆ. ಆಮೇಲೆ ವಾರಕ್ಕೊಮ್ಮೆ ಬಾಗಲಕೋಟೆಗೆ ಹೋಗಿ ನೂಲು ತಂದೆ, ಬೇಸಿಗೆಯಲ್ಲಿ ಸೀರೆ ಹೇರಿಕೊಂಡು ಬಾದಾಮಿಗೆ, ಕುಳಗೇರಿ ಕ್ರಾಸಿನ ಅಂಗಡಿಗಳಿಗೆ ಹೋದೆ. ಎಡಗಡೆಯ ಸೀಟಿನಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿ ನೂಲಿನ ಗಂಟು ಕೂತಿತು. ನಿಂತ ಮಗ್ಗಗಳು ಮತ್ತೆ ಓಡಿದವು. ನಕ್ಕ ಮಂದಿಯೇ ಈಗ ಅಡ್ಡ ನಿಂತು "ಬಾಯಾರ, ಬಾಗಲಕೋಟಿಗೆ ಹೊಂಟೀರೇನ್ರಿ? ನಮ್ಮದೊಂದು ಗಂಟು ಒಯ್ರಿ" ಎನ್ನುತ್ತಾರೆ. ನೀನು ಹೇಳಿದ ಭೂಮಿಯ ಸುತ್ತನ್ನು ನಾನು ಬಾಗಲಕೋಟೆಯ ದಾರಿಯಲ್ಲೇ ಹಾಕಿದ್ದೇನೆ, ಮಗನೇ. ನಿನ್ನ ಪಾಲಿಟೆಕ್ನಿಕ್ಕು, ಹಾಸ್ಟೆಲ್ಲು, ಮೊದಲ ಜೊತೆ ಬೂಟು ಎಲ್ಲವೂ ಆ ಮೈಲುಗಳ ಮೇಲೆಯೇ ನಿನ್ನ ತನಕ ಬಂದವು.

ನೀನು ಎರಡು ದಿನಕ್ಕೆಂದು ದೀಪಾವಳಿಗೆ ಬರುತ್ತಿದ್ದೆ, ಉಂಡು ಮಲಗಿ ಹೋಗುತ್ತಿದ್ದೆ. ನೂಲು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ಕೇಳದಿದ್ದರೂ ನಡೆಯುತ್ತಿತ್ತು.

ಗಾಡಿ ಬೇಕೆ? ಒಯ್ಯಿ. ನಿಮ್ಮಪ್ಪನದು, ನಿನ್ನದೇ. ಬಸ್ಸೋ ಲಾರಿಯೋ, ನಾನು ಏನಾದರೂ ನೋಡಿಕೊಳ್ಳುತ್ತೇನೆ. ಆದರೆ ಅದು ಓಡಿಲ್ಲ ಎಂದು ಹೇಳಬೇಡ, ಮೀಟರನ್ನು ಮುಟ್ಟಬೇಡ. ಕೃತಕ ನೂಲಿನ ಚಮಕಾ ಸೆರಗನ್ನು ರೇಷ್ಮೆ ಎಂದು ಹೇಳಿ ಒಂದು ಸೀರೆಯನ್ನೂ ನಿಮ್ಮಪ್ಪ ಮಾರಲಿಲ್ಲ, ನಾನೂ ಮಾರಿಲ್ಲ. ಗಾಡಿ ಕೊಡುತ್ತೇನೆ, ಸುಳ್ಳು ಕೊಡುವುದಿಲ್ಲ.

ಅವ್ವ,
ರತ್ನಾಬಾಯಿ


ಪುಣೆ
೩೦ ಸೆಪ್ಟೆಂಬರ್ ೧೯೭೯

ಅವ್ವನಿಗೆ ನಮಸ್ಕಾರ.

ಕೆಲಸ ವಿಪರೀತ, ಆದ್ದರಿಂದ ಉತ್ತರ ತಡವಾಯಿತು. ದೀಪಾವಳಿಗೆ ಬರುತ್ತೇನೆ. ಈ ಸಲ ನಾಲ್ಕು ದಿನ ಇರುತ್ತೇನೆ. ಹೋಗುವಾಗ ಗಾಡಿಯನ್ನು ನಾನೇ ಓಡಿಸಿಕೊಂಡು ಪುಣೆಗೆ ಬರುತ್ತೇನೆ. ಸೇಠರು ವಿಲಾಯಿತಿಗೆ ಹೋಗಿದ್ದಾರೆ, ಯುಗಾದಿಯ ಹೊತ್ತಿಗೆ ಬಂದು ನೋಡುತ್ತಾರಂತೆ.

ಮೀಟರಿನ ಬಗ್ಗೆ ನೀನು ಹೇಳಿದ್ದು ತಿಳಿಯಿತು. ಬಾಳವ್ವನ ಛತ್ರಿ ಕೊಂಡಿದ್ದೇನೆ.

ಹುಚ್ಚೇಶ


ಇಳಕಲ್
೨೯ ಅಕ್ಟೋಬರ್ ೧೯೭೯

ಹುಚ್ಚೇಶನಿಗೆ,

ಸುರಕ್ಷಿತವಾಗಿ ಮುಟ್ಟಿದ್ದೀ ಎಂದು ತಾರು ಬಂತು.

ಹಬ್ಬದ ನಾಲ್ಕು ದಿನ ಮನೆ ತುಂಬಿತ್ತು. ಅಹ್ಮದಸಾಬರಿಗೆ ನೀನು ಕೊಟ್ಟ ಮರ್ಯಾದೆ ನೋಡಿ ಸಂತೋಷಪಟ್ಟೆ. ಪಾಡ್ಯದ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಒಬ್ಬನೇ ಕೂತು "ತಂತಿ ಸ್ವಚ್ಛ ಮಾಡಾಕತ್ತೇನಿ, ಅವ್ವ" ಎಂದೆ. ಹಬ್ಬದ ಅಡುಗೆಯಲ್ಲಿ ಇದ್ದವಳು ಹೂಂ ಎಂದೆ.

ನೀನು ಹೊರಡುವ ಮುಂಚೆ ಗಾಡಿಗೆ ಆರತಿ ಮಾಡಿ, ಕುಂಕುಮ ಹಚ್ಚಿ, ಗಾಜುಗಳನ್ನು ಸೆರಗಿನಿಂದ ಒರೆಸಿದೆನಲ್ಲ, ಆಗ ಕಂಡಿತು. ಐದು ಸಾವಿರದ ಒಂಬೈನೂರು ಚಿಲ್ಲರೆ. ನಿಮ್ಮಪ್ಪ ಸತ್ತ ದಿನಕ್ಕಿಂತಲೂ ಹಿಂದೆ ಹೋಗಿದ್ದೀ. ಓಣಿಯ ಮಂದಿಯೆಲ್ಲ ನಿಂತಿದ್ದರು, ನೀನು ನಗುತ್ತಾ ಕೈ ಬೀಸುತ್ತಿದ್ದೆ. ನಾನೂ ಕೈ ಬೀಸಿದೆ. ಆಮೇಲೆ ಒಳಗೆ ಬಂದು ನೀರು ಕುಡಿದು ಮಗ್ಗಕ್ಕೆ ಕೂತೆ.

ನನಗೆ ಭಾಳ ಸಿಟ್ಟು ಬಂದಿದೆ. ಸುಳ್ಳು ಬರೆಯಬಾರದು, ಸಿಟ್ಟಿಗಿಂತ ನೋವೇ ಹೆಚ್ಚು. ಸಾವಕಾರನಿಗೆ ಆಗದಿದ್ದದ್ದು, ಅಮೀನಗಡದ ಬಜಾರಿಗೆ ಆಗದಿದ್ದದ್ದು ನಿನಗೆ ಒಂದು ಮಧ್ಯಾಹ್ನದಲ್ಲಿ ಆಯಿತು. ನಾನು ಮನೆಯಿಂದ ಹೊರಗೇ ಬಿದ್ದಿಲ್ಲವೆಂದು ಮಾಡಿಬಿಟ್ಟೆ.

ಹಬ್ಬದ ಹಿಂದಿನ ದಿನ ನಾನು ಬಾಗಲಕೋಟೆಯಿಂದ ಬಂದು ಶೆಡ್ಡಿಗೆ ನಿಲ್ಲಿಸಿದಾಗ ಅದು ಮೂವತ್ತೆರಡು ಸಾವಿರದ ಐನೂರ ಎಂಟು ಇತ್ತು. ಇದನ್ನು ನೀನು ಮರೆಯದ ಹಾಗೆ ಮಾಡುತ್ತೇನೆ.

ರತ್ನಾಬಾಯಿ


ಇಳಕಲ್
೨೪ ಜನವರಿ ೧೯೮೦

ಹುಚ್ಚೇಶನಿಗೆ,

ನೀನು ಉ‌ತ್ತರ ಬರೆಯಲಿಲ್ಲ. ನಾನು ಕಾಯುತ್ತಾ ಕೂತಿರಲೂ ಇಲ್ಲ. ಅಹ್ಮದಸಾಬರ ಲಾರಿ ಪುಣೆಗೆ ಶೇಂಗಾ ಒಯ್ಯುತ್ತಿದೆ, ಅದರಲ್ಲಿ ಒಂದು ಗಂಟು ಕಳಿಸಿದ್ದೇನೆ. ಬಿಚ್ಚಿ ನೋಡು. ಗಾಡಿಗೆ ಹೊದಿಕೆ.

ದಪ್ಪ ನೂಲಿನಲ್ಲಿ ನಾನೂ ಬಾಳವ್ವನೂ ನೇಯ್ದೆವು. ಒಂದೊಂದು ಪಟ್ಟಿ ಗಾಡಿಯುದ್ದ, ನಾಲ್ಕನ್ನು ಕೂಡಿಸಿ ಹೊಲಿದಿದ್ದೇವೆ. ಮೈ ಕಪ್ಪು, ಅಂಚು ನಮ್ಮ ಸೀರೆಯದೇ ಕೆಂಪು. ಇಂಜಿನ್ನಿನ ಮೇಲೆ ಬೀಳುವ ಕಡೆ, ಸೀರೆಗಾದರೆ ಸೆರಗು ಬರುವ ಜಾಗದಲ್ಲಿ, ಬಿಳಿ ಎಳೆಯಲ್ಲಿ ಐದು ಅಂಕಿ ಇವೆ. ೩೨೫೦೮.

ಕಸೂತಿಯಲ್ಲಿ ಹಾಕಬಹುದಿತ್ತು, ಅದು ನಾಲ್ಕು ದಿನದ ಕೆಲಸ. ಆದರೆ ಕಸೂತಿಯನ್ನು ನೀನು ಕೂತು ಬಿಚ್ಚಿಬಿಡುತ್ತೀ. ಅದಕ್ಕೇ ನೇಯ್ದೆ. ಇದನ್ನು ಬಿಚ್ಚಬೇಕೆಂದರೆ ಬಟ್ಟೆಯನ್ನೇ ಕತ್ತರಿಸಬೇಕು.

"ಅಕ್ಕಾರ, ಹುಡುಗನ ಹೊಟ್ಟಿ ಮ್ಯಾಗ ಯಾಕ ಹೊಡೀತೀರಿ?" ಎಂದು ಬಾಳವ್ವ ಅತ್ತಳು. ಅಳುತ್ತಲೇ ಲಾಳಿ ಒಗೆದಳು. ನಾನು ನಿನ್ನನ್ನು ಹೊಡೆಯುತ್ತಿಲ್ಲ. ಸೇಠರು ಬರುವ ದಿನ ಇದನ್ನು ಗಾಡಿಯ ಮೇಲೆ ಹೊದಿಸುವುದೂ ಪೆಟ್ಟಿಗೆಯಲ್ಲಿ ಬಚ್ಚಿಡುವುದೂ ನಿನಗೆ ಬಿಟ್ಟದ್ದು. ನಾನು ಅವರಿಗೆ ಕಾಗದ ಹಾಕುವುದಿಲ್ಲ.

ನಾನು ಸದ್ಯ ಲಾರಿಯಲ್ಲಿ ಹೋಗಿ ನೂಲು ತರುತ್ತಿದ್ದೇನೆ. ಚಳಿಗೆ ಕಿವಿ ಮುಚ್ಚಿಕೊಳ್ಳುವುದು ಬಿಟ್ಟರೆ ತೊಂದರೆಯಿಲ್ಲ.

ಅವ್ವ


ಪುಣೆ
೨೩ ಮಾರ್ಚ್ ೧೯೮೦

ಅವ್ವನಿಗೆ ಹುಚ್ಚೇಶನ ನಮಸ್ಕಾರ.

ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಹರಿದುಹಾಕಿದೆ. ಈ ಸಲ ಕೊನೆಯವರೆಗೆ ಬರೆಯುತ್ತೇನೆ.

ಹೊದಿಕೆ ಬಂದಾಗ ನನಗೆ ಬಂದ ಸಿಟ್ಟು ನಿನಗೆ ಬಂದ ಸಿಟ್ಟಿಗಿಂತ ಕಡಿಮೆಯಿರಲಿಲ್ಲ. ಅದನ್ನು ಮೂಲೆಗೆ ಒಗೆದೆ. ಯುಗಾದಿ ಹತ್ತಿರ ಬಂದಾಗ ಮಾಲಕರು ಅದನ್ನು ಬಿಡಿಸಿ ನೋಡಿ, ಎಷ್ಟು ಚೆಂದದ ಬಟ್ಟೆ, ಸೇಠರು ಬಂದಾಗ ಇದನ್ನೇ ಹೊದಿಸು ಎಂದರು. ಆಗ ನನಗೆ ಹೊಳೆಯಿತು. ಕನ್ನಡದ ಅಂಕಿ ಅವರಲ್ಲಿ ಯಾರಿಗೂ ಓದಲು ಬರುವುದಿಲ್ಲ. ಅವರ ಕಣ್ಣಿಗೆ ಅದು ಹೂವಿನ ಬಳ್ಳಿ. ಹೊದಿಸಿದರೆ ನಿನ್ನ ಮಾತು ನಡೆಸಿದಂತೆಯೂ ಆಗುತ್ತದೆ, ನನ್ನ ಕೆಲಸವೂ ಆಗುತ್ತದೆ ಎಂದುಕೊಂಡೆ. ಎಷ್ಟು ಜಾಣ ನೋಡು ನಿನ್ನ ಮಗ.

ಇನ್ನೊಂದು ಕೆಲಸ ಉಳಿದಿತ್ತು. ಏಳು ಸಾವಿರವೂ ಓಡದ ಗಾಡಿಯ ಪೆಡಲುಗಳು ಸವೆದಿರಬಾರದು. ತಿಳಿದವರು ಮೀಟರಿಗಿಂತ ಮೊದಲು ಪೆಡಲು ನೋಡುತ್ತಾರೆ. ಹೊಸ ರಬ್ಬರು ತಂದು ಹಾಕಲೆಂದು ಕ್ಲಚ್ಚಿನ ಹಳೆಯ ರಬ್ಬರು ಬಿಚ್ಚಿದೆ. ಅದು ಕೆಳಗಿನ ಅಂಚಿನಲ್ಲಿ ಮಾತ್ರ ಸವೆದಿತ್ತು, ಬ್ಲೇಡಿನಷ್ಟು ತೆಳ್ಳಗೆ. ನಡುವೆ ಹೊಸದರ ಹಾಗೇ ಗೆರೆಗಳಿದ್ದವು. ಅಪ್ಪ ಎತ್ತರದ ಆಳು, ಅವರ ಪಾದ ನಡುವೆಯೇ ಬೀಳುತ್ತಿತ್ತು. ಬೆನ್ನ ಹಿಂದೆ ದಿಂಬಿಟ್ಟುಕೊಂಡು, ಕಾಲಿನ ತುದಿ ಚಾಚಿ, ಮುಟ್ಟಿಯೂ ಮುಟ್ಟದ ಹಾಗೆ ಒತ್ತಿದರೆ ಮಾತ್ರ ಹಾಗೆ ಸವೆಯುತ್ತದೆ. ನೀನು ಕುಳ್ಳಿ ಎಂಬುದು ನನಗೆ ಗೊತ್ತಿತ್ತು. ನೀನು ಅಷ್ಟು ದೂರ ಕಾಲು ಚಾಚಿದ್ದೀ ಎಂಬುದು ಗೊತ್ತಿರಲಿಲ್ಲ. ಹೊಸ ರಬ್ಬರು ಹಾಕಿದೆ. ಹಳೆಯದನ್ನು ಒಗೆಯಲಾಗಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡೆ.

ಸೇಠರು ಬಂದರು. ಹೊದಿಕೆ ನೋಡಿ ಅಲ್ಲೇ ನಿಂತರು. ಯಾರು ನೇಯ್ದದ್ದು ಎಂದು ಕೇಳಿದರು. ನನ್ನ ತಾಯಿ ಎಂದೆ. ಭಾಳ ಮೆಚ್ಚಿಕೊಂಡರು. ಆಮೇಲೆ ಗಾಡಿಯ ಒಳಗೆ, ಎಡಗಡೆ ಕೂತು ಮೀಟರು ನೋಡಿ ಮಾಲಕರ ಕಡೆ ತಲೆದೂಗಿದರು. ಮಾಲಕರು ನನ್ನ ಬೆನ್ನು ತಟ್ಟಿದರು. ಎಲ್ಲವೂ ಮುಗಿದಂತೆಯೇ ಇತ್ತು. ಹೊರಡುವ ಮುಂಚೆ ಸೇಠರು, ನಿಮ್ಮ ತಂದೆ ಹೋದ ಮೇಲೆ ಇದನ್ನು ಓಡಿಸಿದವರು ಯಾರು ಎಂದು ಸುಮ್ಮನೆ ಕೇಳಿದರು.

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಯಾರೂ ಇಲ್ಲ. ತಿಂಗಳುಗಟ್ಟಲೆ ಕಲಿತ ಉತ್ತರ ಅದು. ಆದರೆ ಹೇಳಲು ಹೋದಾಗ ಗೊತ್ತಾಯಿತು, ಯಾರೂ ಅಲ್ಲ ಎಂದು ನಾನು ಹೇಳಹೊರಟಿದ್ದು ನಿನ್ನನ್ನು. ಇಪ್ಪತ್ತಾರು ಸಾವಿರ ಮೈಲು ಕಾಲ ತುದಿಯಲ್ಲಿ ಓಡಿಸಿ ನನ್ನನ್ನು ಇಲ್ಲಿಯವರೆಗೆ ತಂದು ಬಿಟ್ಟವಳು ಯಾರೂ ಅಲ್ಲ.

ನನ್ನ ತಾಯಿ ಓಡಿಸಿದಳು ಎಂದೆ. ಅವರು ನಕ್ಕು, ಹಬ್ಬ ಹುಣ್ಣಿಮೆಗೋ ಎಂದರು. ವಾರ ವಾರವೂ ಎಂದೆ. ಹೊದಿಕೆಯನ್ನು ತಿರುಗಿಸಿ ಅಂಕಿಯನ್ನು ಒಂದೊಂದಾಗಿ ಓದಿ ಹೇಳಿದೆ. ಜೇಬಿನಿಂದ ರಬ್ಬರು ತೆಗೆದು ತೋರಿಸಿದೆ. ಮೀಟರು ತಿರುಗಿಸಿದವನು ನಾನು ಎಂದೂ ಹೇಳಿದೆ.

ಸೇಠರು ರಬ್ಬರನ್ನು ಬೆಳಕಿಗೆ ಹಿಡಿದು ಸವೆದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಕೊನೆಗೆ, ಈ ಮೈಲಿಗೆ ನಾನು ಕೊಡುವ ಬೆಲೆ ಇಷ್ಟು ಎಂದರು. ಅರ್ಧಕ್ಕಿಂತ ಕಡಿಮೆ. ಮಾಲಕರು ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಪಾಲು ಇನ್ನೊಬ್ಬನಿಗೆ ಹೋಯಿತು. ಸೇಠರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಕೊಡುವ ಮನಸ್ಸಿಲ್ಲ. ಮೀಟರನ್ನು ನಿನ್ನ ಅಂಕಿಗೆ ತಂದು, ಇಳಕಲ್ಲಿನಿಂದ ಪುಣೆಗೆ ನಾನು ಓಡಿಸಿದ್ದನ್ನೂ ಕೂಡಿಸಿ ಇಟ್ಟಿದ್ದೇನೆ. ಮುಂದಿನ ತಿಂಗಳ ಕೊನೆಗೆ ಗಾಡಿ ತಂದು ನಿನಗೇ ಒಪ್ಪಿಸುತ್ತೇನೆ.

ತಪ್ಪಾಯಿತು ಅವ್ವ.

ನಿನ್ನ ಮಗ,
ಹುಚ್ಚೇಶ


ಇಳಕಲ್
೩೧ ಮಾರ್ಚ್ ೧೯೮೦

ಚಿರಂಜೀವಿ ಹುಚ್ಚೇಶನಿಗೆ ಅವ್ವನ ತುಂಬು ಹೃದಯದ ಆಶೀರ್ವಾದ.

ಕಾಗದ ಓದಿ ಅತ್ತೆ. ಬಾಳವ್ವನಿಗೆ ಓದುವಾಗ ಮತ್ತೆ ಅತ್ತೆ. "ಈಗ್ಯಾಕ ಅಳ್ತೀರಿ, ನೇಯೂವಾಗ ಅಳಬೇಕಾಗಿತ್ತು" ಎಂದು ಅವಳು ನನ್ನನ್ನೇ ಬೈದಳು. ಊರ ಬಜಾರು ಒಪ್ಪಿದ್ದಕ್ಕೆ ನನಗೆ ಇಷ್ಟು ಸಮಾಧಾನ ಆಗಿರಲಿಲ್ಲ. ಒಬ್ಬ ಪರಸ್ಥಳದ ಮನುಷ್ಯನ ಎದುರು, ನಿನ್ನ ಅನ್ನ ಹೋಗುತ್ತದೆ ಎಂದು ಗೊತ್ತಿದ್ದೂ, ನನ್ನ ತಾಯಿ ಓಡಿಸಿದಳು ಎಂದೆಯಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಗಾಡಿ ತರಬೇಡ. ಕೊಟ್ಟದ್ದನ್ನು ನಾನು ತಿರುಗಿ ಇಸಿದುಕೊಳ್ಳುವುದಿಲ್ಲ. ಸೇಠರು ಹೇಳಿದ ಬೆಲೆ ಖರೆ ಮೈಲಿನ ಖರೆ ಬೆಲೆ, ಅದರಲ್ಲಿ ನಾಚಿಕೆಪಡುವಂಥದ್ದೇನಿದೆ? ಕೊಟ್ಟುಬಿಡು. ಇನ್ನೊಬ್ಬರ ಪಕ್ಕದ ಕುರ್ಚಿಗೆ ಅದು ಸಾಲದಿದ್ದರೆ ನಿನ್ನದೇ ಒಂದು ತಗಡಿನ ಶೆಡ್ಡಿಗೆ ಸಾಲುತ್ತದೆ. ಮೊದಲು ಪಾನಾಗಳನ್ನು ಕೊಳ್ಳು, ಬೋರ್ಡು ಆಮೇಲೆ ಬರೆಸು. ಹೊದಿಕೆಯನ್ನೂ ಅವರಿಗೇ ಕೊಡು, ಅಂಕಿಯ ಕೆಳಗೆ ಒಂದು ಚೀಟಿಯಲ್ಲಿ ಅದನ್ನೇ ಅವರ ಭಾಷೆಯಲ್ಲಿ ಬರೆದುಕೊಡು.

ನನ್ನ ಚಿಂತೆ ಬೇಡ. ನಿನ್ನೆ ಅಹ್ಮದಸಾಬರ ಜೊತೆ ಹುನಗುಂದಕ್ಕೆ ಹೋಗಿ ಒಂದು ಹಳೆಯ ಜೀಪು ನೋಡಿದೆ. ಮೀಟರು ನಾನೂರು ಮೈಲು ತೋರಿಸುತ್ತಿತ್ತು. "ಹೊಸಾದ ಐತಿ ನೋಡ್ರಿ ಬಾಯಾರ, ಓಡೇ ಇಲ್ಲ" ಎಂದ ಮಾರುವವ. ಅದು ಲಕ್ಷ ಮೈಲು ಓಡಿ, ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಹೊರಟಿದೆ ಎಂದು ಅಹ್ಮದಸಾಬರು ಕಿವಿಯಲ್ಲಿ ಹೇಳುವ ಮುಂಚೆಯೇ ನಾನು ಬಗ್ಗಿ ಕ್ಲಚ್ಚಿನ ಪೆಡಲು ನೋಡಿದೆ. ರಬ್ಬರು ಹೋಗಿ ಕಬ್ಬಿಣ ಹೊಳೆಯುತ್ತಿತ್ತು. "ನಾಕನೂರ ಮೈಲಿಗೆ ಹಿಂಗ ಸವದೈತಲ್ಲೋ ಯಪ್ಪಾ, ನಿಮ್ಮ ಮನ್ಯಾಗ ಆನಿ ಓಡಸತಿತ್ತೇನ?" ಎಂದೆ. ಸುತ್ತ ನಿಂತವರೆಲ್ಲ ನಕ್ಕರು, ಅವನೂ ನಕ್ಕ. ಬೆಲೆ ಇಳಿಯಿತು. ಮುಂಗಡ ಕೊಟ್ಟು ಬಂದೆ.

ಬರುವ ಸೋಮವಾರ ಬಾಗಲಕೋಟೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ.

ನಿನ್ನ ತಾಯಿ,
ರತ್ನಾಬಾಯಿ